ಮೇವಿಸ್ ಟ್ರಸ್ಲರ್ ಚುಚ್ಚಿದ ಆಕಾಶ

ಕಸ ಗುಡಿಸುವವರಿಗೂ ಒಂದು ವಿವೇಕ ಇರುತ್ತದೆ. ಅಂಗಳದಲ್ಲಿ ಉಂಗುರ ಬಿದ್ದಿದ್ದರೆ ಪೊರಕೆ ನಿಲ್ಲಿಸಿ ಬಗ್ಗಿ ನೋಡುತ್ತಾರೆ. ನಾನು ಕೆಲಸ ಮಾಡುತ್ತಿದ್ದ ಕಂಪನಿಯ ಯಂತ್ರಕ್ಕೆ ಅಷ್ಟೂ ಇರಲಿಲ್ಲ. ಯಂತ್ರ ನಡೆಸುವವರಿಗೆ ಅದಕ್ಕಿಂತ ಒಂದು ಹಿಡಿ ಕಡಿಮೆಯೇ ಇತ್ತು. ಮೇವಿಸ್ ಟ್ರಸ್ಲರ್ ಅವರ ಕಥೆ ಹೇಳಲು ಕೂತರೆ ಮೊದಲು ಬಾಯಿಗೆ ಬರುವುದು ಈ ಅಸಹ್ಯವೇ. ಅದರಲ್ಲಿ ನನ್ನ ಪಾಲೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ಮಿಸೆಸ್ ಟ್ರಸ್ಲರ್ ಬೋರಮ್‌ವುಡ್‌ನಲ್ಲಿ ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಇರುವವರು. ಮೂವತ್ತು ವರ್ಷದ ನೆರೆಹೊರೆ. ಆದರೂ ನನಗೆ ಅವರು ಮಿಸೆಸ್ ಟ್ರಸ್ಲರ್, ಅವರಿಗೆ ನಾನು ‘ರೋಲಂಡ್ ಕಂದಾ’. ನನಗೆ ಐವತ್ತೊಂಬತ್ತು ತುಂಬಿ, ತಲೆ ಬೋಳಾದ ಮೇಲೂ ಕಂದನೇ.

ಅವರು ಹುಟ್ಟಿದ್ದು ಯೋವಿಲ್‌ನಲ್ಲಿ. ಆ ಕಾಲಕ್ಕೆ ಅಲ್ಲಿ ಹೆಣ್ಣುಮಕ್ಕಳು ಶಾಲೆ ಬಿಟ್ಟರೆ ಸೀದಾ ಕೈಗವಸಿನ ಕಾರ್ಖಾನೆಗೆ. ಚರ್ಮದ ಗವಸಿನ ಹಿಂಬದಿಯಲ್ಲಿ ಮೂರು ಗೆರೆ ಹೊಲಿಗೆ ಇರುತ್ತದಲ್ಲ, ಅದಕ್ಕೆ ಮೊದಲೇ ತೂತು ಚುಚ್ಚಿಡುವ ಕೆಲಸ ಇವರದು. ಬಟ್ಟೆಯಲ್ಲಿ ತಪ್ಪು ತೂತು ಬಿದ್ದರೆ ಉಗುರಿನಲ್ಲಿ ಉಜ್ಜಿ ಮುಚ್ಚಬಹುದು. ಚರ್ಮದಲ್ಲಿ ಬಿದ್ದರೆ ಬಿತ್ತು.

“ಒಂದು ತೂತು ಆಚೀಚೆ ಆದ್ರೂ ಮೇಲ್ವಿಚಾರಕಿ ಆ ಗವಸನ್ನ ತಂದು ನನ್ನ ತಲೆ ಮೇಲಿಟ್ಟು ಹೋಗ್ತಿದ್ಲು ಕಂದಾ. ಊಟದ ಗಂಟೆ ಹೊಡೆಯೋ ತನಕ ತೆಗೆಯೋ ಹಾಗಿಲ್ಲ. ಹಂಗೇ ಕೂತು ಕೆಲ್ಸ ಮಾಡ್ಬೇಕು, ಎಲ್ರೂ ನೋಡಿ ನಗ್ಬೇಕು” ಎಂದು ಒಮ್ಮೆ ಹೇಳಿದ್ದರು. ಎಷ್ಟು ಸಲ ಇಟ್ಟಳು ಎಂದು ಕೇಳಿದೆ. “ಎರಡು ಸಲ” ಎಂದರು. ಅರವತ್ತು ವರ್ಷ ಕಳೆದಿದ್ದರೂ ಲೆಕ್ಕ ಮರೆತಿರಲಿಲ್ಲ.

ಸಿನಿಮಾ ಸ್ಟುಡಿಯೋದಲ್ಲಿ ಬಡಗಿಯಾಗಿದ್ದ ಸಿರಿಲ್‌ನನ್ನು ಮದುವೆಯಾಗಿ ಬೋರಮ್‌ವುಡ್‌ಗೆ ಬಂದರು. ಅದೇ ಸ್ಟುಡಿಯೋದ ಪರದೆ ವಿಭಾಗಕ್ಕೆ ಸೇರಿದರು. ರಾಣಿಯರ ಹಾಸಿಗೆಗೆ ಮೇಲ್ಕಟ್ಟು, ಕೊಲೆಗಾರ ಅವಿತುಕೊಳ್ಳಲು ಕಿಟಕಿ ಪರದೆ, ಹೀಗೆ ಏನು ಕೇಳಿದರೆ ಅದು. ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಕೇಳಿದ್ದು ಆಕಾಶ.

‘ಹೊರಗಿನ ದೀಪ’ ಎಂಬ ಟಿವಿ ಧಾರಾವಾಹಿ. ಭೂಮಿಯಿಂದ ಬಹುದೂರದಲ್ಲಿ, ಹೋಗಿಬರುವ ಆಕಾಶನೌಕೆಗಳಿಗೆ ದಾರಿ ತೋರಿಸಲು ಒಂದು ಕಾವಲು ಠಾಣೆ. ಅಲ್ಲಿ ಐದು ಜನ, ಐದು ವರ್ಷ. ಇಪ್ಪತ್ತಾರು ಕಂತು ಬಂತು. ನಮ್ಮ ಕಡೆ ನನ್ನ ವಯಸ್ಸಿನವರಲ್ಲಿ ಅದನ್ನು ನೋಡದೆ ಬೆಳೆದವರು ಕಡಿಮೆ. ಠಾಣೆಯ ಕಿಟಕಿಯಾಚೆ ಕಾಣುವ ಆಕಾಶಕ್ಕೆ ಗೋಡೆಯಷ್ಟು ದೊಡ್ಡ ಕಪ್ಪು ರಟ್ಟಿನ ಹಾಳೆಗಳಲ್ಲಿ ತೂತು ಚುಚ್ಚಿ, ಹಿಂದಿನಿಂದ ದೀಪ ಬಿಡಬೇಕಿತ್ತು.

“ಎಲ್ಲಿ ಬೇಕಾದ್ರೂ ಚುಚ್ಚಮ್ಮಾ, ಯಾರು ಎಣಿಸ್ತಾರೆ?” ಎಂದನಂತೆ ಕಲಾ ನಿರ್ದೇಶಕ.

“ಐದು ವರ್ಷ ಒಂದೇ ಕಡೆ ಇರೋ ಜನಕ್ಕೆ ಅವರ ಆಕಾಶ ಗುರುತಿರಲ್ವೇನ್ರೀ? ನಮ್ಮ ಬೀದಿ ನಮಗೆ ಗುರುತಿಲ್ವಾ?” ಎಂದರಂತೆ ಇವರು.

ಹನ್ನೊಂದು ವಾರ ಚುಚ್ಚಿದರು. ನಾಲ್ಕು ಗಾತ್ರದ ಸೂಜಿ, ದೊಡ್ಡದು ಟೋಪಿಗೆ ಸಿಕ್ಕಿಸುವುದು, ಸಣ್ಣದು ಮಣಿ ಪೋಣಿಸುವುದು. ಯಾವ ತೂತೂ ಬೇಕಾಬಿಟ್ಟಿ ಬಿದ್ದದ್ದಲ್ಲ. ಠಾಣೆಯವರು ಹೆಸರಿಟ್ಟು ಕರೆಯುವಂಥ ಗುಂಪುಗಳನ್ನು ಮಾಡಿದರು: ಕೆಟಲು, ಅತ್ತೆಯ ಕೊಡೆ, ಹರಿದ ಕೈಗವಸು. ಕೈಗವಸಿನಲ್ಲಿ ನಾಲ್ಕು ಬೆರಳು ಸರಿಯಾಗಿದ್ದವು, ಹೆಬ್ಬೆರಳಿನ ತುದಿಯಲ್ಲಿ ಮಾತ್ರ ಎರಡು ಚುಕ್ಕಿ ಚುಚ್ಚದೆ ಬಿಟ್ಟಿದ್ದರು. ಹರಿದದ್ದು ಎಂದರೆ ಹರಿದ ಹಾಗೆ ಕಾಣಬೇಕಲ್ಲ.

ಕಥೆ ಬರೆಯುವವನ ಕಿವಿಗೆ ಇದು ಕ್ಯಾಂಟೀನಿನಲ್ಲಿ ಬಿತ್ತು. ಒಂಬತ್ತನೇ ಕಂತಿನಲ್ಲಿ ಸೇರಿಸಿಬಿಟ್ಟ. ಠಾಣೆಯ ಮುದುಕ ಮೆಕ್ಯಾನಿಕ್ ಸಾಯುತ್ತಿದ್ದಾನೆ, ನಾಯಕ ಅವನನ್ನು ಎತ್ತಿ ಕಿಟಕಿಗೆ ಒರಗಿಸಿ, “ಅಲ್ಲಿ ನೋಡು, ಹರಿದ ಕೈಗವಸು. ಹೆಬ್ಬೆರಳು ಇನ್ನೂ ಹೊಲಿದಿಲ್ಲ ಕಣೋ” ಎನ್ನುತ್ತಾನೆ. ಮುದುಕ ನಕ್ಕು ಕಣ್ಣು ಮುಚ್ಚುತ್ತಾನೆ. ದೇಶವೇ ಅತ್ತಿತ್ತು. ನಾನೂ ಅತ್ತಿದ್ದೆ.

ಆದರೆ ಕೊನೆಯಲ್ಲಿ ಹರಿಯುವ ಹೆಸರಿನ ಪಟ್ಟಿಯಲ್ಲಿ ಪರದೆ ವಿಭಾಗಕ್ಕೆ ಜಾಗ ಇರಲಿಲ್ಲ. ನಾಯಕಿಯ ವಿಗ್ಗು ಕಳಿಸಿದ ಅಂಗಡಿಯ ಹೆಸರಿತ್ತು. ಆಕಾಶ ಮಾಡಿದವರ ಹೆಸರಿಲ್ಲ! ಇಪ್ಪತ್ತಾರು ವಾರವೂ ಗಂಡ ಹೆಂಡತಿ ಪಟ್ಟಿಯ ಕೊನೆಯ ಸಾಲಿನ ತನಕ ಕೂತಿರುತ್ತಿದ್ದರು. “ಮುಂದಿನ ವಾರ ಬರುತ್ತೆ ಬಿಡೇ” ಎನ್ನುತ್ತಿದ್ದನಂತೆ ಸಿರಿಲ್. ಇವರು ಎದ್ದು ಚಹಾಕ್ಕೆ ನೀರಿಡುತ್ತಿದ್ದರಂತೆ. ಸಿರಿಲ್ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ‘ಮುಂದಿನ ವಾರ’ ಬರಲೇ ಇಲ್ಲ.

ಚಿತ್ರೀಕರಣ ಮುಗಿದಾಗ ಹಾಳೆಗಳನ್ನೆಲ್ಲ ಕಸಕ್ಕೆಸೆದರು. ಸಿರಿಲ್ ಹರಿದ ಕೈಗವಸು ಇದ್ದ ತುಂಡನ್ನಷ್ಟೇ ಗರಗಸದಲ್ಲಿ ಕೊಯ್ದು ತಂದು ಮನೆಯ ಉಗ್ರಾಣದ ಸಣ್ಣ ಕಿಟಕಿಗೆ ಮೊಳೆ ಹೊಡೆದು ಕೂರಿಸಿದ್ದ. ಈಗಲೂ ಇದೆ. ಬೆಳಿಗ್ಗೆ ಬಿಸಿಲು ಬಂದರೆ ಜಾಮಿನ ಬಾಟಲಿಗಳ ಮೇಲೆ ಕೈಗವಸು ಬೀಳುತ್ತದೆ.

ಇನ್ನು ನನ್ನ ಕಥೆ. ಹಳೆಯ ಚಿತ್ರಗಳನ್ನು, ಧಾರಾವಾಹಿಗಳನ್ನು ತೊಳೆದು ಬಳಿದು ಡಿಸ್ಕಿನಲ್ಲಿ ಮಾರುವ ಒಂದು ಕಂಪನಿಯಲ್ಲಿ ನಾನು ತಪಾಸಣೆಗಾರನಾಗಿದ್ದೆ. ದಿನವಿಡೀ ಕತ್ತಲೆ ಕೋಣೆಯಲ್ಲಿ ಕೂತು ನೋಡುವುದು, ಎಲ್ಲಿ ಏನು ಕೆಟ್ಟಿದೆ ಎಂದು ಹಾಳೆಯಲ್ಲಿ ಬರೆದು ಕೊಡುವುದು, ಎಲ್ಲ ಸರಿ ಕಂಡರೆ ‘ಪಾಸ್’ ಎಂದು ಸಹಿ ಹಾಕುವುದು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದೆ. ಹೋದ ವರ್ಷ ‘ಹೊರಗಿನ ದೀಪ’ ನಮ್ಮ ಕಂಪನಿಗೇ ಬಂತು.

ಮೂಲ ನೆಗೆಟಿವ್‌ನಿಂದ ತೆಗೆದ ಕಚ್ಚಾ ಪ್ರತಿ ಮೊದಲ ದಿನ ಪರದೆಯ ಮೇಲೆ ಬಂದಾಗ ನಾನು ಕೈಯಲ್ಲಿದ್ದ ಬಿಸ್ಕತ್ತು ತಿನ್ನುವುದನ್ನೇ ಮರೆತೆ. ಗೀರು ಇತ್ತು, ಧೂಳಿತ್ತು, ನಿಜ. ಆದರೆ ಚಿಕ್ಕಂದಿನಲ್ಲಿ ನಮ್ಮ ಹಾಳು ಟಿವಿಯಲ್ಲಿ ಕಂಡೇ ಇರದ ಸಣ್ಣ ಸಣ್ಣ ಚುಕ್ಕಿಗಳೂ ಕಾಣುತ್ತಿದ್ದವು. ಕೈಗವಸಿನ ಹೊಲಿಗೆಯ ಮೂರು ಗೆರೆಯನ್ನೂ ಚುಚ್ಚಿದ್ದರು ಆ ಪುಣ್ಯಾತ್ಗಿತ್ತಿ! ಸಂಜೆ ಹೋಗಿ ಹೇಳಿದೆ. “ಓ, ಅದು ಕಾಣ್ತದಾ?” ಎಂದಷ್ಟೇ ಅಂದು, ನನಗೆ ಎರಡು ಕಸ್ಟರ್ಡ್ ಬಿಸ್ಕತ್ತು ಹೆಚ್ಚಿಗೆ ಕೊಟ್ಟರು.

ಆರು ವಾರದ ಮೇಲೆ ತೊಳೆದ ಪ್ರತಿ ಬಂತು.

ಮುಖಗಳೆಲ್ಲ ಮೇಣ. ಫಿಲಮ್ಮಿನ ಕಣ ಕಾಣಬಾರದು ಎಂದು ಉಜ್ಜಿ ಉಜ್ಜಿ, ಮುದುಕ ಮೆಕ್ಯಾನಿಕ್‌ನ ಸುಕ್ಕನ್ನೂ ಉಜ್ಜಿಬಿಟ್ಟಿದ್ದರು. ಸಾಯುವ ಮುದುಕ ಸಿಪ್ಪೆ ಸುಲಿದ ಬೇಯಿಸಿದ ಆಲೂಗಡ್ಡೆಯ ಹಾಗೆ ಹೊಳೆಯುತ್ತಿದ್ದ. ಈಗಿನ ಅಗಲ ಟಿವಿಗೆ ಹೊಂದಲಿ ಎಂದು ಮೇಲೆ ಕೆಳಗೆ ಕತ್ತರಿಸಿದ್ದರು. ನಾಯಕನಿಗೆ ಹಣೆ ಇಲ್ಲ, ನಾಯಕಿಗೆ ಕೈಯಲ್ಲಿದ್ದ ಪಿಸ್ತೂಲಿಲ್ಲ, ಸುಮ್ಮನೆ ಯಾರನ್ನೋ ದುರುಗುಟ್ಟಿ ನೋಡುತ್ತಾಳೆ. ಇಷ್ಟಾದರೂ ಸಹಿಸಬಹುದಿತ್ತೇನೋ. ಆಕಾಶ ನೋಡಿದೆ. ಬರೀ ಕಪ್ಪು.

ಏನಾಗಿತ್ತೆಂದರೆ, ಆಟಿಕೆ ನೌಕೆ ಚಲಿಸಿದಂತೆ ಕಾಣಲಿ ಎಂದು ಆಗಿನವರು ಹಿಂದಿನ ಹಾಳೆಯನ್ನು ಮೆಲ್ಲಗೆ ಸರಿಸುತ್ತಿದ್ದರು. ಹಾಗಾಗಿ ಫಿಲಮ್ಮಿನ ಪ್ರತಿ ಚೌಕಟ್ಟಿನಲ್ಲೂ ಚುಕ್ಕಿಗಳು ಬೇರೆ ಬೇರೆ ಜಾಗದಲ್ಲಿ. ಧೂಳು ತೆಗೆಯುವ ಯಂತ್ರಕ್ಕೆ ಕಲಿಸಿದ್ದೇ ಅಷ್ಟು: ಒಂದು ಚೌಕಟ್ಟಿನಲ್ಲಿದ್ದು ಮುಂದಿನದರಲ್ಲಿ ಅಲ್ಲೇ ಇಲ್ಲದ ಬಿಳಿ ಚುಕ್ಕಿ ಎಂದರೆ ಧೂಳು. ಗುಡಿಸಿ ಹಾಕಿತು. ಹಾಳೆ ನಿಂತಿದ್ದ ಕಡೆ ಉಳಿದವನ್ನು ಮುಖ ಉಜ್ಜುವ ಯಂತ್ರ ಉಜ್ಜಿ ಹಾಕಿತು. ನೌಕೆಯನ್ನು ನೇತುಹಾಕಿದ್ದ ಮೀನುಗಾರರ ದಾರವೊಂದನ್ನು ಮಾತ್ರ ಬಿಟ್ಟಿತ್ತು. ಬಿಟ್ಟದ್ದಷ್ಟೇ ಅಲ್ಲ, ಚೂಪು ಮಾಡಿ, ಬೆಳ್ಳಿಯ ಸರಿಗೆಯ ಹಾಗೆ ಹೊಳೆಯಿಸಿತ್ತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಗೆ ಕಣ್ಣೂ ಇರಲಿಲ್ಲ.

ಕೆಲಸದ ಮುಖ್ಯಸ್ಥ ಜೂಲಿಯನ್ ಕ್ರೇಕ್. ಮೂವತ್ತನಾಲ್ಕರ ಪ್ರಾಯ, ಜನವರಿಯಲ್ಲೂ ಕಾಲುಚೀಲ ಹಾಕದ ಆಸಾಮಿ. ಅವನ ಹತ್ತಿರ ಹೋದೆ.

“ಜೂಲಿಯನ್, ನಕ್ಷತ್ರ ಎಲ್ಲಿ?”

“ಯಾವ ನಕ್ಷತ್ರ ಗುರೂ?”

“ಆಕಾಶದ್ದು.”

“ಓ, ಆ ಬಿಳಿ ಬಿಳಿ ಚುಕ್ಕಿಗಳಾ? ಧೂಳಲ್ವಾ ಅದು? ಈಗ ಕಪ್ಪು ನೋಡು ಎಷ್ಟು ಕ್ಲೀನಾಗಿದೆ! ಜನಕ್ಕೆ ಇದೇ ಇಷ್ಟ.”

“ಅದು ಬಾಹ್ಯಾಕಾಶ ಕಣಯ್ಯಾ, ಕಲ್ಲಿದ್ದಲ ಗೋದಾಮಲ್ಲ. ಒಂಬತ್ತನೇ ಕಂತು ನೋಡಿದ್ಯಾ? ‘ಅಲ್ಲಿ ನೋಡು ಹರಿದ ಕೈಗವಸು’ ಅಂತ ಅವನು ಏನನ್ನ ತೋರಿಸ್ತಿದಾನೆ? ನಿನ್ನ ತಲೇನಾ?”

ಅವನು ಒಂಬತ್ತನೇ ಕಂತು ನೋಡಿರಲಿಲ್ಲ. ಯಾವ ಕಂತನ್ನೂ ನೋಡಿರಲಿಲ್ಲ! ಕಚ್ಚಾ ಪ್ರತಿಯಿಂದ ಮತ್ತೆ ಮಾಡೋಣ ಎಂದೆ. ಯಂತ್ರದಲ್ಲಿ ಜಾಗ ಸಾಲದೆಂದು ಅದನ್ನು ಅಳಿಸಿಯಾಗಿತ್ತು. ಮೂಲ ನೆಗೆಟಿವ್ ಇನ್ನೂ ಫಿಲಮ್ ಉಗ್ರಾಣದಲ್ಲಿದೆ, ಏಳು ವಾರ ಕೊಡು, ಎಂದೆ. ಮೇ ತಿಂಗಳಲ್ಲಿ ಕೆಟರಿಂಗ್ ಎಂಬ ಊರಿನಲ್ಲಿ ಧಾರಾವಾಹಿಯ ಅಭಿಮಾನಿ ಸಂಘದ ಸಮಾವೇಶ, ಅಲ್ಲಿ ಮೊದಲ ಪ್ರದರ್ಶನ, ಮರುವಾರ ಡಿಸ್ಕು ಅಚ್ಚಿಗೆ. ಒಂದು ದಿನವೂ ಇಲ್ಲ ಎಂದ. ಚಿನ್ನದ ಅಕ್ಷರದಲ್ಲಿ ‘ಹಿಂದೆಂದೂ ಕಾಣದ ಹಾಗೆ’ ಎಂದು ಬರೆದ ಪೆಟ್ಟಿಗೆ ಮಾತ್ರ ಆಗಲೇ ಸಿದ್ಧವಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಆ ವಸಂತವಿಡೀ ನಾನು ಅರವತ್ತಮೂರು ತಪ್ಪಿನ ಹಾಳೆ ಬರೆದುಕೊಟ್ಟೆ. ಅರವತ್ತಮೂರೂ ‘ನೋಡೋಣ’ ಎಂದು ವಾಪಸು ಬಂದವು. ನಕ್ಷತ್ರದ ವಿಷಯದಲ್ಲಿ ಮಾತ್ರ ನನ್ನ ಕಾಟ ತಡೆಯದೆ ಜೂಲಿಯನ್ ಒಂದು ಉಪಾಯ ಮಾಡಿದ. ಎಲ್ಲಿಂದಲೋ ಒಂದು ರೆಡಿಮೇಡ್ ಆಕಾಶ ತಂದು ಕಪ್ಪಿದ್ದ ಕಡೆಯೆಲ್ಲ ಅಂಟಿಸಿದ. ಬನ್ನಿನ ಮೇಲೆ ಎಳ್ಳು ಉದುರಿಸಿದ ಹಾಗೆ ಒಂದೇ ಸಮನೆ ಚುಕ್ಕಿ. ಕೆಟಲಿಲ್ಲ, ಕೊಡೆಯಿಲ್ಲ, ಕೈಗವಸಿಲ್ಲ.

“ಇದಕ್ಕೆ ನಾನು ಪಾಸ್ ಕೊಡಲ್ಲ” ಎಂದೆ.

“ಗುರೂ, ನಕ್ಷತ್ರ ಚುಚ್ಚಿದ ಆ ಅಜ್ಜಿ ನಿನ್ನ ನೆರೆಯವರಲ್ವಾ? ಸಮಾವೇಶಕ್ಕೆ ಅವರನ್ನ ಕರೆದಿದಾರಂತೆ. ಒಂದ್ ಕೆಲ್ಸ ಮಾಡೋಣ. ಪ್ರತಿ ಕಂತಿನ ಕೊನೇಲೂ ಅವರ ಹೆಸರು ಹಾಕ್ತೀನಿ. ಒಂಟಿ ಹೆಸರು, ಪೂರ್ತಿ ಪರದೆ ತುಂಬ. ‘ನಕ್ಷತ್ರಗಳು: ಮೇವಿಸ್ ಟ್ರಸ್ಲರ್’. ನೀನು ಸಹಿ ಹಾಕು.”

ನಾನು ಲೆಕ್ಕ ಹಾಕಿದೆ. ಅವರಿಗೆ ಎಂಬತ್ತನಾಲ್ಕು. ಎರಡು ವರ್ಷದಿಂದ ಕಣ್ಣಿನ ನಡುಭಾಗ ಹೋಗಿದೆ, ನನ್ನ ಮುಖದ ಜಾಗದಲ್ಲಿ ಬೂದಿ ಬಣ್ಣದ ಮುದ್ದೆ ಕಾಣುತ್ತದೆ ಎಂದಿದ್ದರು. ಆಕಾಶ ಅಸಲಿಯೋ ನಕಲಿಯೋ ಅವರಿಗೆ ಕಾಣುವುದಿಲ್ಲ. ಹೆಸರನ್ನು ಯಾರಾದರೂ ಗಟ್ಟಿಯಾಗಿ ಓದುತ್ತಾರೆ, ಅದು ಕೇಳುತ್ತದೆ. ಸಿರಿಲ್ ಹೇಳಿದ ಮುಂದಿನ ವಾರ ಬಂದ ಹಾಗಾಗುತ್ತದೆ. ಕುರುಡಿಗೆ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ ನಾನು ಸಹಿ ಹಾಕಿದೆ. ಹೀಗೆ ಬಿಡಿಸಿ ಬರೆದರೆ ಎಷ್ಟು ಹೊಲಸು ಕಾಣುತ್ತದೆಯೋ ಅಷ್ಟೇ ಹೊಲಸು ಕೆಲಸ ಅದು.

ಹೋಗಿ ಹೇಳಿದಾಗ ಅವರು ಟೇಬಲ್ಲಿನ ಅಂಚು ಹಿಡಿದುಕೊಂಡರು.

“ಎಷ್ಟು ದೊಡ್ಡ ಅಕ್ಷರ?”

“ಪರದೆ ತುಂಬ, ಮಿಸೆಸ್ ಟ್ರಸ್ಲರ್.”

“ಟ್ರಸ್ಲರ್‌ಗೆ ಎರಡು ಎಸ್ಸು ಅಂತ ಹೇಳಿದ್ಯಾ?”

“ಹೇಳಿದೀನಿ.”

“ಸಿರಿಲ್ ಹೇಳಿದ್ದು ನಿಜ ಆಯ್ತು ನೋಡು” ಎಂದು ಹೇಳಿ, ಮರುದಿನವೇ ಕೂದಲು ಸೆಟ್ ಮಾಡಿಸಲು ಹೊತ್ತು ಗೊತ್ತು ಮಾಡಿಕೊಂಡರು.

ಕೆಟರಿಂಗ್‌ನ ಹೋಟೆಲ್ಲಿನ ಸಭಾಂಗಣದಲ್ಲಿ ಇನ್ನೂರು ಜನ. ಅರವತ್ತು ದಾಟಿದವರು ಬೆಳ್ಳಿ ಬಣ್ಣದ ಠಾಣೆಯ ಸಮವಸ್ತ್ರದಲ್ಲಿ ಹೊಟ್ಟೆ ತುರುಕಿಕೊಂಡು ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಎಲ್ಲರ ಎದೆಯ ಮೇಲೂ ಸಂಘದ ಬ್ಯಾಡ್ಜು, ಅದರ ಮೇಲೆ ಚುಕ್ಕಿಗಳಲ್ಲಿ ಹರಿದ ಕೈಗವಸು. ಕಾರ್ಯದರ್ಶಿ ಬಾರ್ನಬಿ ಸ್ಲೇಟರ್, ನಿವೃತ್ತ ಬಸ್ ಡ್ರೈವರ್, ಮಿಸೆಸ್ ಟ್ರಸ್ಲರ್ ಅವರ ಕೈಹಿಡಿದು ಮುಂದಿನ ಸಾಲಿಗೆ ಕರೆದೊಯ್ದ. ನಾನು ಅವರ ಪಕ್ಕ ಕೂತೆ.

ಮಧ್ಯಾಹ್ನ ಎರಡಕ್ಕೆ ಒಂಬತ್ತನೇ ಕಂತು ಶುರುವಾಯಿತು. ನಾಯಕ ಮುದುಕನನ್ನು ಕಿಟಕಿಗೆ ಒರಗಿಸಿದ. ಆಗ ಮಿಸೆಸ್ ಟ್ರಸ್ಲರ್ ಪರದೆ ಬಿಟ್ಟು ನನ್ನ ಕಡೆ ಮುಖ ತಿರುಗಿಸಿದರು.

“ಏನಾದ್ರೂ ಬೇಕಿತ್ತಾ?” ಎಂದು ಪಿಸುಗುಟ್ಟಿದೆ.

“ಸುಮ್ನಿರು ಕಂದಾ, ನಿನ್ನನ್ನ ನೋಡ್ತಿಲ್ಲ. ನೆಟ್ಟಗೆ ನೋಡಿದ್ರೆ ನಂಗೇನೂ ಕಾಣಲ್ಲ. ಪಕ್ಕಕ್ಕೆ ತಿರುಗಿದ್ರೆ ಅಂಚಲ್ಲಿ ಎಲ್ಲಾ ಕಾಣುತ್ತೆ. ಸಣ್ಣ ನಕ್ಷತ್ರನ ಹಂಗೇ ನೋಡ್ಬೇಕು, ನಿಂಗೊತ್ತಿಲ್ವಾ?”

ಪರದೆಯ ಮೇಲೆ ನಾಯಕ ಎಳ್ಳಿನ ಕಡೆ ಬೆರಳು ಮಾಡಿ, “ಅಲ್ಲಿ ನೋಡು, ಹರಿದ ಕೈಗವಸು” ಎಂದ.

“ಎಲ್ಲಿ ರೋಲಂಡ್?” ಎಂದರು ಮಿಸೆಸ್ ಟ್ರಸ್ಲರ್.

ನಾನು ಕಾರ್ಯಕ್ರಮದ ಹಾಳೆಯನ್ನು ಮಡಚತೊಡಗಿದೆ.

“ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

ಅವರು ಮುಖವನ್ನು ನೆಟ್ಟಗೆ ಪರದೆಯ ಕಡೆಗೆ ತಿರುಗಿಸಿಕೊಂಡರು. ಏನೂ ಕಾಣದ ಹಾಗೆ.

ಕೊನೆಗೆ ಅವರ ಹೆಸರು ಬಂತು, ಪರದೆ ತುಂಬ, ಎರಡು ಎಸ್ಸಿನ ಜೊತೆ. ಬಾರ್ನಬಿ ಗಟ್ಟಿಯಾಗಿ ಓದಿದ. ಇನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರನ್ನು ವೇದಿಕೆಗೆ ಹತ್ತಿಸಿ ಮೈಕು ಕೊಟ್ಟರು. ಹೊಸದಾಗಿ ಸೆಟ್ ಮಾಡಿಸಿದ ಕೂದಲನ್ನು ಒಮ್ಮೆ ಮುಟ್ಟಿಕೊಂಡು ಅವರು ಹೇಳಿದ್ದು ಇಷ್ಟು:

“ನನ್ನ ಹೆಸ್ರು ಹಾಕಿದ್ದೀರಿ, ತುಂಬಾ ಉಪಕಾರ. ಆದ್ರೆ ಈ ನಕ್ಷತ್ರ ನಂದಲ್ಲ. ನಾನು ಮಾಡಿದ್ದಲ್ಲ ಇದು. ನನ್ನ ಹೆಸ್ರು ತೆಗೀರಿ.”

ಸಭೆಯಲ್ಲಿ ನಗು ಎದ್ದಿತು, ಪ್ರೀತಿಯ ನಗು, ಅದರ ಹಿಂದೆಯೇ ಮೊದಲಿಗಿಂತ ಜೋರು ಚಪ್ಪಾಳೆ. ನನ್ನ ಹಿಂದೆ ಕೂತಿದ್ದ ಹೆಂಗಸು ಕಣ್ಣೊರೆಸಿಕೊಂಡು, “ಎಂಥಾ ವಿನಯ ನೋಡ್ರೀ, ಆ ಕಾಲದವರೇ ಹಾಗೆ” ಎಂದಳು. ನಮ್ಮ ಇಂಗ್ಲಿಷ್ ಜನ ಮಾತ್ರ ಮಾಡಬಲ್ಲ ತಪ್ಪು ಇದು. ಹೊಗಳಿಸಿಕೊಂಡವರು ‘ನಾನೇನೂ ಮಾಡಿಲ್ಲ’ ಎನ್ನಲೇಬೇಕು, ಉಳಿದವರು ನಂಬದೆ ನಗಲೇಬೇಕು, ತೊಟ್ಟಿಲಿನಿಂದ ಕಲಿಸಿಬಿಟ್ಟಿದ್ದಾರೆ. ಮಿಸೆಸ್ ಟ್ರಸ್ಲರ್ ಇನ್ನೊಂದು ಸಲ, “ಇಲ್ಲ, ನಿಜವಾಗ್ಲೂ ನಂದಲ್ಲ” ಎಂದರು. ಇನ್ನೂ ಜೋರಾಗಿ ತಟ್ಟಿದರು. ಜೂಲಿಯನ್ ಸಿಳ್ಳೆ ಹೊಡೆದ.

ಬಾರ್ನಬಿಯನ್ನು ಬಾಗಿಲ ಹತ್ತಿರ ಹಿಡಿದು, “ಎದೆ ಮೇಲೆ ಕೈಗವಸು ಸಿಕ್ಕಿಸಿಕೊಂಡಿದೀಯಲ್ಲ, ಪರದೆ ಮೇಲೆ ಅದು ಇಲ್ಲದ್ದು ಕಾಣಲಿಲ್ವೇನಯ್ಯಾ?” ಎಂದು ಕೇಳಿದೆ.

ಅವನು ಬೂಟು ನೋಡಿಕೊಂಡ. “ಕಾಣ್ತು. ಎಲ್ರಿಗೂ ಕಾಣ್ತು. ಆದ್ರೆ ಅವರೇ ಎದುರಿಗೆ ಕೂತಿದ್ರಲ್ಲ... ಅವರ ಮುಂದೆ ಹೇಳೋದು ಚೆನ್ನಾಗಿರಲ್ಲ ಅಂತ...”

ವಾಪಸು ಬರುವಾಗ ಕಾರಿನಲ್ಲಿ ನಾನು ಕ್ಷಮೆ ಕೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವರು ಕೈ ಎತ್ತಿ ತಡೆದರು. ಲ್ಯೂಟನ್ ಊರು ದಾಟಿದ ಮೇಲೆ ಹೇಳಿದರು:

“ತಲೆ ಮೇಲೆ ಗವಸು ಇಟ್ಕೊಂಡು ಕೂತಾಗ್ಲೂ ನಂಗೆ ಇಷ್ಟು ನಾಚಿಕೆ ಆಗಿರ್ಲಿಲ್ಲ. ಆ ತಪ್ಪಾದ್ರೂ ನಂದಾಗಿತ್ತು.” ನಮ್ಮ ಬೀದಿಗೆ ತಿರುಗಿದಾಗ, “ಹೆಸ್ರು ತೆಗೆಸ್ತೀಯಾ?” ಎಂದರು. ಕಂದಾ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಅರವತ್ತನಾಲ್ಕನೇ ಹಾಳೆ ಬರೆದೆ: ಕೊನೆಯ ಹೆಸರು ತೆಗೆಯತಕ್ಕದ್ದು. ‘ನೋಡೋಣ’ ಎಂದು ಬರುತ್ತದೆ ಅಂದುಕೊಂಡಿದ್ದೆ. ಊಟದ ಹೊತ್ತಿಗೆ ಜೂಲಿಯನ್ ತಾನೇ ನನ್ನ ಕೋಣೆಗೆ ಬಂದ.

“ಆಯ್ತು ಗುರೂ, ತೆಗ್ದಿದೀವಿ. ಚೆಕ್ ಮಾಡಿಬಿಡು.”

ಇಪ್ಪತ್ತಾರು ಕಂತಿನ ಕೊನೆಯನ್ನೂ ಒಂದೊಂದು ಚೌಕಟ್ಟಾಗಿ ನೋಡಿದೆ. ಎಲ್ಲೂ ಒಂದು ಅಕ್ಷರದ ಅಂಚಿಲ್ಲ, ನೆರಳಿಲ್ಲ, ಕಲೆಯಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಕಂಪನಿಯ ಯಾವ ಕೆಲಸವೂ ಅಷ್ಟು ಚೊಕ್ಕವಾಗಿ ನನ್ನ ಮುಂದೆ ಬಂದಿರಲಿಲ್ಲ. ಒಂದೇ ಒಂದು ತಪ್ಪೂ ಸಿಗದೆ ನಾನು ಪಾಸ್ ಎಂದು ಸಹಿ ಹಾಕಿದೆ.